ಕೇಳದೆ ತಿದ್ದುವ ಯಂತ್ರ: ದೊಡ್ಡಕ್ಷರದ ಒಂದು ಇತಿಹಾಸ



ಪರದೆಯ ಮೇಲೆ ಯಾರಾದರೂ ಮಾತನಾಡುತ್ತಿರುವಾಗ ಕೆಳಗೆ ಒಂದು ಪಟ್ಟಿಯಲ್ಲಿ ಅವರ ಹೆಸರು ಮೂಡಿ ಮಾಯವಾಗುವುದನ್ನು ನೀವು ದಿನವೂ ನೋಡುತ್ತೀರಿ. ನಾಲ್ಕೈದು ಸೆಕೆಂಡುಗಳ ಮಾತು. ಆದರೆ ಆ ಪಟ್ಟಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತದೆ.

ನಾನು ಈ ವೃತ್ತಿಗೆ ಸೇರಿದ ಹೊಸತು, 2000ದ ದಶಕದ ಮಧ್ಯಭಾಗ. ಹಳ್ಳಿಯೊಂದರಲ್ಲಿ ಬಹುಕಾಲ ಸೂಲಗಿತ್ತಿಯಾಗಿ ದುಡಿದ ಒಬ್ಬ ಹಿರಿಯ ತಾಯಿಯನ್ನು ಮಾತುಕತೆಗೆ ಕರೆಸಿದ್ದೆವು. ಅವರ ನಿಜವಾದ ಹೆಸರು ಇಲ್ಲಿ ಬೇಡ. ‘ಜಯಮ್ಮ’ ಎಂದು ಇಟ್ಟುಕೊಳ್ಳೋಣ. ಕಾರ್ಯಕ್ರಮ ಚೆನ್ನಾಗಿ ಬಂದಿತ್ತು. ಪ್ರಸಾರವಾದ ಮರುದಿನ ಬೆಳಿಗ್ಗೆ ಅವರ ಮೊಮ್ಮಗನಿಂದ ದೂರವಾಣಿ ಕರೆ.

“ಸಾರ್, ನಮ್ಮಜ್ಜಿ ಹೆಸರು ಜಯಮ್ಮ. ನೀವು ‘ಆಯಮ್ಮ’ ಅಂತ ಹಾಕಿದೀರಿ.”

ಟೇಪ್ ತರಿಸಿ ನೋಡಿದೆ. ಹುಡುಗ ಹೇಳಿದ್ದು ನಿಜ. ಕಾರ್ಯಕ್ರಮದುದ್ದಕ್ಕೂ ಮೂರು ಬಾರಿ ‘ಆಯಮ್ಮ, ಸೂಲಗಿತ್ತಿ’ ಎಂದೇ ಮೂಡಿತ್ತು. ನೋಡಿದವರಿಗೆ ಅದು ಹೆಸರು ಅನ್ನಿಸಿರಲಿಕ್ಕಿಲ್ಲ. ಹೆಸರು ಕೇಳುವಷ್ಟು ವ್ಯವಧಾನವೂ ಇಲ್ಲದೆ ಯಾರೋ ‘ಆ ಯಮ್ಮ’ ಎಂದು ಬರೆದ ಹಾಗಿತ್ತು. ನನಗೆ ಸಿಟ್ಟು ಬಂತು. ಬೆರಳಚ್ಚು ಮಾಡಿದ ಯುವಕನನ್ನು ಕರೆದು ಎಲ್ಲರ ಎದುರಿಗೇ ಗದರಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಸಂಜೆ ಎಲ್ಲರೂ ಹೋದ ಮೇಲೆ ನನ್ನ ಬಳಿ ಬಂದು, “ಸಾರ್, ಒಂದು ನಿಮಿಷ ಬನ್ನಿ” ಎಂದ.

ಕಂಪ್ಯೂಟರಿನ ಮುಂದೆ ಕುಳಿತು, ನಾನು ನೋಡುತ್ತಿದ್ದಂತೆಯೇ ‘ಜಯಮ್ಮ’ ಎಂದು ಬೆರಳಚ್ಚಿಸಿದ. ಪರದೆಯ ಮೇಲೆ ‘ಜಯಮ್ಮ’ ಎಂದೇ ಮೂಡಿತು. ಆಮೇಲೆ ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀಲಿಯನ್ನು ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ‘ಜ’ ಹೋಗಿ ‘ಆ’ ಬಂದು ಕುಳಿತಿತು. “ನೋಡಿದ್ರಾ ಸಾರ್? ನಾನು ಕೈ ಎತ್ತಿದ ಮೇಲೆ ಬದಲಾಯ್ತು.”

ನಾನು ವಿಜ್ಞಾನದ ಪದವೀಧರ. ಆ ರಾತ್ರಿ ಪ್ರಯೋಗಶಾಲೆಯ ಹಳೆಯ ಹುಮ್ಮಸ್ಸು ಮರಳಿ ಬಂತು. ಇಬ್ಬರೂ ಕುಳಿತು ಹತ್ತಾರು ಪದಗಳನ್ನು ಪರೀಕ್ಷಿಸಿದೆವು. ಎರಡು ಸಂಗತಿಗಳು ಗೋಚರಿಸಿದವು. ಒಂದು: ಸಾಲಿನ ಆರಂಭದಲ್ಲಿ, ಇಲ್ಲವೇ ಪೂರ್ಣವಿರಾಮದ ಚುಕ್ಕೆಯ ನಂತರ ಮಾತ್ರ ಈ ತಪ್ಪು ಬರುತ್ತಿತ್ತು, ವಾಕ್ಯದ ನಡುವೆ ಎಲ್ಲವೂ ಸರಿಯಾಗಿರುತ್ತಿತ್ತು. ಎರಡು: ಎಲ್ಲ ಅಕ್ಷರಗಳಿಗೂ ಹೀಗಾಗುತ್ತಿರಲಿಲ್ಲ. ‘ಜನ’ ಎಂಬುದು ‘ಆನ’ ಆಗುತ್ತಿತ್ತು. ‘ಜಿಲ್ಲೆ’ ಎಂಬುದು ‘ಈಲ್ಲೆ’. ‘ದೇಶ’ ಎಂಬುದು ‘ಚೇಶ’. ಆದರೆ ‘ಕನ್ನಡ’ಕ್ಕೂ ‘ಗ್ರಾಮ’ಕ್ಕೂ ಏನೂ ಆಗುತ್ತಿರಲಿಲ್ಲ.

ಈ ಎರಡು ಸುಳಿವುಗಳನ್ನು ನೆನಪಿನಲ್ಲಿಡಿ. ಇವುಗಳ ಬೆನ್ನುಹತ್ತಿ ಹೋದರೆ ನಾವು ತಲುಪುವುದು ಸುಮಾರು ಎರಡು ಸಾವಿರ ವರ್ಷ ಹಿಂದಿನ ರೋಮ್ ನಗರವನ್ನು!

ಎರಡು ಕಾಲದ ಅಕ್ಷರಗಳು

ಕ್ರಿ.ಶ. 113ರಲ್ಲಿ ಪೂರ್ಣಗೊಂಡ ಟ್ರಾಜನ್ ಸ್ತಂಭ ಇಂದಿಗೂ ರೋಮ್‌ನಲ್ಲಿ ನಿಂತಿದೆ. ಅದರ ಪೀಠದ ಮೇಲೆ ಕೆತ್ತಿದ ಶಾಸನದಲ್ಲಿರುವುದು ಇಂದು ನಾವು ಇಂಗ್ಲಿಷಿನ ಕ್ಯಾಪಿಟಲ್ ಲೆಟರ್ ಎಂದು ಕರೆಯುವ ಅಕ್ಷರಗಳು ಮಾತ್ರ. ಕಲ್ಲಿನ ಮೇಲೆ ಉಳಿಯಿಂದ ಕೆತ್ತಲು ನೇರ ಗೆರೆಗಳ ಆ ಅಕ್ಷರಗಳು ಸೊಗಸಾಗಿ ಒಪ್ಪುತ್ತಿದ್ದವು. ಆದರೆ ಲೇಖನಿ ಹಿಡಿದು ವೇಗವಾಗಿ ಬರೆಯುವವನಿಗೆ ಪ್ರತಿ ಗೆರೆಗೂ ಕೈ ಎತ್ತುವುದು ತ್ರಾಸದ ಕೆಲಸ. ಶತಮಾನಗಳು ಉರುಳಿದಂತೆ ಬರೆಯುವ ಕೈಯಲ್ಲಿ ಅಕ್ಷರಗಳು ದುಂಡಗಾದವು, ಒಂದಕ್ಕೊಂದು ಹತ್ತಿರವಾದವು.

8ನೇ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ಬಹುಭಾಗವನ್ನು ಆಳುತ್ತಿದ್ದ ಚಕ್ರವರ್ತಿ ಷಾರ್ಲಮೇನ್‌ಗೆ ಒಂದು ಚಿಂತೆ ಇತ್ತು. ಒಂದು ಮಠದಲ್ಲಿ ಬರೆದದ್ದನ್ನು ಇನ್ನೊಂದು ಮಠದವರು ಓದಲಾಗುತ್ತಿರಲಿಲ್ಲ. ಸ್ಪಷ್ಟವಾದ, ಎಲ್ಲ ಕಡೆಯೂ ಓದಬಲ್ಲ ಚಿಕ್ಕಕ್ಷರದ ಲಿಪಿಯೊಂದು ಅವನ ಕಾಲದಲ್ಲಿ ಬಳಕೆಗೆ ಬಂದು ಹರಡಿತು. ಅವನ ಆಸ್ಥಾನದ ವಿದ್ವಾಂಸ ಆಲ್ಕ್ವಿನ್ 796ರಲ್ಲಿ ಫ್ರಾನ್ಸಿನ ಟೂರ್ ನಗರದ ಮಠದ ಮುಖ್ಯಸ್ಥನಾದ ಮೇಲೆ ಆ ಲಿಪಿಗೆ ಇನ್ನಷ್ಟು ಒತ್ತಾಸೆ ದೊರೆಯಿತು. ಲಿಪಿಕಾರರು ಮೈಬರಹಕ್ಕೆ ಹೊಸ ಚಿಕ್ಕಕ್ಷರಗಳನ್ನು ಬಳಸಿದರು. ಶೀರ್ಷಿಕೆಗೆ, ಅಧ್ಯಾಯದ ಆರಂಭಕ್ಕೆ ಹಳೆಯ ರೋಮನ್ ಅಕ್ಷರಗಳನ್ನು ಗೌರವಪೂರ್ವಕವಾಗಿ ಉಳಿಸಿಕೊಂಡರು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳು ಒಂದೇ ಅಕ್ಷರದ ಎರಡು ಗಾತ್ರಗಳಲ್ಲ; ಎರಡು ಬೇರೆ ಬೇರೆ ಕಾಲದ ಬರವಣಿಗೆಗಳು ಒಂದೇ ಪುಟದಲ್ಲಿ ಒಟ್ಟಿಗೆ ಬಾಳತೊಡಗಿದ್ದು. ನಮ್ಮಲ್ಲೂ ಅಕ್ಷರಗಳು ಬದಲಾಗಿವೆ. 5ನೇ ಶತಮಾನದ ಹಲ್ಮಿಡಿ ಶಾಸನದ ಲಿಪಿಯನ್ನು ನೀವು ಇಂದು ಸಲೀಸಾಗಿ ಓದಲಾರಿರಿ. ಆದರೆ ನಾವು ಹಳೆಯ ರೂಪವನ್ನು ಬಿಟ್ಟು ಹೊಸ ರೂಪಕ್ಕೆ ಬಂದೆವು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲಿಲ್ಲ. ಹೀಗಾಗಿ ಕನ್ನಡದಲ್ಲಿ ದೊಡ್ಡಕ್ಷರವೆಂಬುದೇ ಇಲ್ಲ. ದೇವನಾಗರಿಯಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ.

15ನೇ ಶತಮಾನದ ಮಧ್ಯದಲ್ಲಿ ಗುಟೆನ್‌ಬರ್ಗ್‌ನಿಂದಾಗಿ ಯೂರೋಪಿನಲ್ಲಿ ಮೊಳೆ ಅಚ್ಚು ಬಂತು. ಮೊಳೆ ಜೋಡಿಸುವವರ ಮುಂದೆ ಮರದ ಪೆಟ್ಟಿಗೆಗಳು ಇರುತ್ತಿದ್ದವು. ಮೇಲಿನ ಪೆಟ್ಟಿಗೆಯಲ್ಲಿ ದೊಡ್ಡಕ್ಷರ, ಕೈಗೆ ಹತ್ತಿರವಾದ ಕೆಳಗಿನದರಲ್ಲಿ ಹೆಚ್ಚು ಬಳಕೆಯ ಚಿಕ್ಕಕ್ಷರ. ಇಂಗ್ಲಿಷಿನಲ್ಲಿ ಇಂದಿಗೂ ‘ಅಪ್ಪರ್ ಕೇಸ್’, ‘ಲೋಯರ್ ಕೇಸ್’ ಎನ್ನುವುದು ಈ ಪೆಟ್ಟಿಗೆಗಳಿಂದಲೇ. ಪೆಟ್ಟಿಗೆಗಳು ಹೋದವು, ಹೆಸರು ಉಳಿಯಿತು.

ಯಾವಾಗ ಯಾವ ಪೆಟ್ಟಿಗೆಗೆ ಕೈ ಹಾಕಬೇಕು ಎಂಬುದು ಮಾತ್ರ ಭಾಷೆಯಿಂದ ಭಾಷೆಗೆ ಬೇರೆ. ಜರ್ಮನ್ ಭಾಷೆಯಲ್ಲಿ ಎಲ್ಲ ನಾಮಪದಗಳೂ ದೊಡ್ಡಕ್ಷರದಿಂದಲೇ ಆರಂಭ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಆ ಒಲವಿತ್ತು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರತಿಯಲ್ಲಿ ಹಲವು ಸಾಮಾನ್ಯ ನಾಮಪದಗಳು ದೊಡ್ಡಕ್ಷರದಿಂದ ಆರಂಭವಾಗುತ್ತವೆ. ವಾರದ ದಿನಗಳ ಹೆಸರಿಗೆ ಇಂಗ್ಲಿಷ್ ದೊಡ್ಡಕ್ಷರ ಬಳಸುತ್ತದೆ, ಫ್ರೆಂಚ್ ಬಳಸುವುದಿಲ್ಲ. ಅಂದರೆ ಇದು ಪ್ರಕೃತಿಯ ನಿಯಮವಲ್ಲ. ಆಯಾ ಜನರ ರೂಢಿ. ರೂಢಿಯನ್ನು ನಿಯಮವೆಂದು ತಿಳಿದು ಯಂತ್ರಕ್ಕೆ ಕಲಿಸಿದಾಗ ತೊಂದರೆ ಶುರುವಾಗುತ್ತದೆ.

ಮೂವತ್ತೆರಡರ ಲೆಕ್ಕ

ಮೊದಮೊದಲ ಬರೆಯುವ ಯಂತ್ರಗಳಿಗೆ ಈ ಗೊಂದಲವೇ ಇರಲಿಲ್ಲ. ಏಕೆಂದರೆ ಅವುಗಳಲ್ಲಿ ಇದ್ದುದು ಒಂದೇ ಬಗೆಯ ಅಕ್ಷರ. 1874ರಲ್ಲಿ ಮಾರುಕಟ್ಟೆಗೆ ಬಂದ ಷೋಲ್ಸ್ ಮತ್ತು ಗ್ಲಿಡನ್ ಬೆರಳಚ್ಚು ಯಂತ್ರ ದೊಡ್ಡಕ್ಷರಗಳನ್ನಷ್ಟೇ ಮೂಡಿಸುತ್ತಿತ್ತು. 1878ರ ರೆಮಿಂಗ್ಟನ್ ಸಂಖ್ಯೆ 2 ಯಂತ್ರದಲ್ಲಿ ಶಿಫ್ಟ್ ಕೀಲಿ ಬಂದ ಮೇಲೆ ಒಂದೇ ಕೀಲಿಯಿಂದ ಎರಡೂ ಅಕ್ಷರಗಳು ಸಾಧ್ಯವಾದವು. ಮುಂದೆ ಬಂದ ಕನ್ನಡ ಬೆರಳಚ್ಚು ಯಂತ್ರದಲ್ಲೂ ಶಿಫ್ಟ್ ಕೀಲಿ ಇತ್ತು. ಆದರೆ ಅದು ಅಕ್ಷರವನ್ನು ದೊಡ್ಡದು ಮಾಡುತ್ತಿರಲಿಲ್ಲ. ಅದೇ ಕೀಲಿಯಲ್ಲಿದ್ದ ಬೇರೆಯೇ ಅಕ್ಷರವನ್ನು ತರುತ್ತಿತ್ತು. ಈ ವ್ಯತ್ಯಾಸ ನಮ್ಮ ಕಥೆಗೆ ಮುಖ್ಯ.

ತಂತಿ ವ್ಯವಸ್ಥೆಗಾಗಿ ಫ್ರಾನ್ಸಿನ ಎಮಿಲ್ ಬೋಡೊ 1870ರ ದಶಕದಲ್ಲಿ ರೂಪಿಸಿದ ಸಂಕೇತದಲ್ಲಿ ಪ್ರತಿ ಅಕ್ಷರಕ್ಕೆ ಐದು ಸಂಜ್ಞೆಗಳು. ಎರಡರ ಐದನೇ ಘಾತ ಎಷ್ಟು? 32. ಇಷ್ಟರಲ್ಲಿ ಎರಡು ಬಗೆಯ ಅಕ್ಷರಮಾಲೆ ಹಿಡಿಸುವುದಿಲ್ಲ. ಆಮೇಲೆ ಬಂದ ಆರಂಭಿಕ ಕಂಪ್ಯೂಟರುಗಳಲ್ಲಿಯೂ ಬಹುಮಟ್ಟಿಗೆ ದೊಡ್ಡಕ್ಷರಗಳದ್ದೇ ರಾಜ್ಯ.

1963ರಲ್ಲಿ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಪ್ರಮಾಣಿತ ಸಂಕೇತ ಸಿದ್ಧವಾಯಿತು. ಇದರಲ್ಲಿ ಏಳು ಬಿಟ್‌ಗಳು, ಅಂದರೆ 128 ಮನೆಗಳು. ಚಿಕ್ಕಕ್ಷರಗಳ ಜಾಗ ಮೊದಲ ಆವೃತ್ತಿಯಲ್ಲಿ ಇನ್ನೂ ತುಂಬಿರಲಿಲ್ಲ. 1967ರ ಪರಿಷ್ಕರಣೆಯಲ್ಲಿ ತುಂಬಿತು. ಆಗ ಒಂದು ಜಾಣತನದ ಏರ್ಪಾಡಿತ್ತು. ದೊಡ್ಡ ‘ಎ’ ಅಕ್ಷರದ ಮನೆ ಸಂಖ್ಯೆ 65. ಚಿಕ್ಕ ‘ಎ’ ಅಕ್ಷರದ್ದು 97. ದೊಡ್ಡ ‘ಡಿ’ 68, ಚಿಕ್ಕದು 100. ದೊಡ್ಡ ‘ಜೆಡ್’ 90, ಚಿಕ್ಕದು 122. ಕಳೆದು ನೋಡಿ: ಪ್ರತಿ ಸಲವೂ ವ್ಯತ್ಯಾಸ 32.

ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದರ ಸೊಬಗು ಕಾಣುತ್ತದೆ. 65 ಎಂದರೆ 1000001. 97 ಎಂದರೆ 1100001. ಬಲದಿಂದ ಆರನೆಯ ಅಂಕೆಯೊಂದೇ ಬೇರೆ. ಆ ಒಂದು ಬಿಟ್ ಬದಲಿಸಿದರೆ ಚಿಕ್ಕಕ್ಷರ ದೊಡ್ಡದಾಗುತ್ತದೆ. ಕಂಪ್ಯೂಟರಿಗೆ ಅಕ್ಷರದ ಅರ್ಥ ತಿಳಿಯಬೇಕಿಲ್ಲ, ರೂಪ ನೋಡಬೇಕಿಲ್ಲ. 32 ಕಳೆದರೆ ಕೆಲಸ ಮುಗಿಯಿತು.

ಯಂತ್ರ ತಿದ್ದಲು ಕಲಿತದ್ದು

1993ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ‘ವರ್ಡ್’ ತಂತ್ರಾಂಶದ 6ನೇ ಆವೃತ್ತಿ ಬಂತು. ಅದರೊಂದಿಗೆ ‘ಆಟೋ ಕರೆಕ್ಟ್’, ಅಂದರೆ ತಾನೇ ತಿದ್ದುವ ಸೌಲಭ್ಯವೂ ಬಂತು. ಉದ್ದೇಶ ಒಳ್ಳೆಯದೇ. ಇಂಗ್ಲಿಷಿನ ‘ದ’ ಎಂಬ ಪುಟ್ಟ ಪದದ ಮೂರು ಅಕ್ಷರಗಳಲ್ಲಿ ಎರಡು ಅದಲುಬದಲಾಗುವುದು ಬೆರಳಚ್ಚಿಸುವವರ ನಿತ್ಯದ ತಪ್ಪು. ಇಂತಹ ತಪ್ಪುಗಳನ್ನು ಯಂತ್ರವೇ ಸರಿಪಡಿಸಿದರೆ ಸಮಯ ಉಳಿಯುತ್ತದೆ. ಇದೇ ಹಾದಿಯಲ್ಲಿ ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಏರ್ಪಾಡೂ ಬರೆಯುವ ತಂತ್ರಾಂಶಗಳಲ್ಲಿ ಸಾಮಾನ್ಯವಾಯಿತು. ಮುಂದೆ ಅದು ಮೊಬೈಲ್ ಫೋನಿಗೂ ಬಂತು.

ಆದರೆ ವಾಕ್ಯ ಎಲ್ಲಿ ಆರಂಭವಾಯಿತೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದು ನಮ್ಮ ಹಾಗೆ ಓದುವುದಿಲ್ಲ. ಅದರ ಸೂತ್ರ ಸರಳ: ಚುಕ್ಕೆ ಬಂತು, ಖಾಲಿ ಜಾಗ ಬಂತು, ಮುಂದಿನದು ಹೊಸ ವಾಕ್ಯ, ಅಥವಾ ಹೊಸ ಸಾಲು ಆರಂಭವಾಯಿತು, ಅದೂ ಹೊಸ ವಾಕ್ಯ. ‘ಡಾ.’ ಎಂದು ಬರೆದು ಹೆಸರು ಬರೆಯುವುದಿದೆ. ಇನಿಶಿಯಲ್‌ಗಳ ನಂತರ ಚುಕ್ಕೆ ಇಡುವುದಿದೆ. ಪದಗಳನ್ನು ಮೊಟಕುಗೊಳಿಸಿ ಚುಕ್ಕೆ ಹಾಕುವುದಿದೆ. ಇವೆಲ್ಲ ವಾಕ್ಯದ ಕೊನೆಯಲ್ಲ ಎಂದು ಆರನೇ ತರಗತಿಯ ಮಗುವಿಗೂ ಗೊತ್ತು. ಯಂತ್ರಕ್ಕೆ ಮಾತ್ರ ಇಂತಹ ಪ್ರತಿಯೊಂದು ವಿನಾಯಿತಿಯನ್ನೂ ಪಟ್ಟಿ ಮಾಡಿ ಕೊಡಬೇಕಾಯಿತು.

ಇನ್ನೂ ಒಂದು ಮುಖ್ಯ ಸಂಗತಿ. ಕಾಗುಣಿತ ತಪ್ಪಿದಾಗ ಯಂತ್ರ ಕೆಂಪು ಗೆರೆ ಎಳೆದು ನಮ್ಮ ಗಮನ ಸೆಳೆಯುತ್ತದೆ, ತೀರ್ಮಾನ ನಮ್ಮದು. ತಾನೇ ತಿದ್ದುವಾಗ ಹಾಗಲ್ಲ. ಅದು ಕೇಳುವುದಿಲ್ಲ, ತಿದ್ದಿದ ಜಾಗದಲ್ಲಿ ಗುರುತನ್ನೂ ಉಳಿಸುವುದಿಲ್ಲ. ಬರೆಯುವವನ ಕಣ್ಣು ಆಗಲೇ ಮುಂದಿನ ಪದದ ಮೇಲಿರುತ್ತದೆ.

ಎರಡು ಸುಳಿವುಗಳ ಉತ್ತರ

ಈಗ ಜಯಮ್ಮನವರ ಹೆಸರಿಗೆ ಮರಳೋಣ. ಯಂತ್ರ ಸಾಲಿನ ಆರಂಭವನ್ನೂ ಚುಕ್ಕೆಯ ನಂತರದ ಪದವನ್ನೂ ಹುಡುಕಿ ತಿದ್ದುತ್ತದೆ ಎಂದ ಮೇಲೆ ಮೊದಲನೆಯ ಸುಳಿವು ಬಿಡಿಸಿದಂತಾಯಿತು. ಆದರೆ ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ, ಯಂತ್ರ ತಿದ್ದಿದ್ದಾದರೂ ಏನನ್ನು?

ಆ ಕಾಲದ ಬಹುತೇಕ ಕನ್ನಡ ಫಾಂಟ್‌ಗಳು ಒಂದು ಉಪಾಯದಿಂದ ಕೆಲಸ ಮಾಡುತ್ತಿದ್ದವು. ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲ. ಆದರೆ ಯಾವ ಚಿತ್ರವನ್ನಾದರೂ ಬಿಡಿಸಬಲ್ಲದು. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ, ಮತ್ತು 128ರ ಆಚೆ ಇದ್ದ ಹೆಚ್ಚುವರಿ ಮನೆಗಳಲ್ಲಿ, ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದರು. ನೋಡುವವರಿಗೆ ಅದು ಅಚ್ಚಗನ್ನಡ. ಯಂತ್ರದ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಒಂದು ಅರ್ಥವಿಲ್ಲದ ಸಾಲು. ವೇಷ ಕನ್ನಡದ್ದು, ಲೆಕ್ಕ ಇಂಗ್ಲಿಷಿನದು. ಇದನ್ನು ಹಗುರವಾಗಿ ಕಾಣಬೇಡಿ. ಬೇರೆ ದಾರಿಯಿಲ್ಲದ ಆ ದಿನಗಳಲ್ಲಿ ಎಷ್ಟೋ ಪುಸ್ತಕ, ಪತ್ರಿಕೆ, ಕಚೇರಿಯ ಕಡತಗಳು ಕನ್ನಡದಲ್ಲಿ ಹೊರಬಂದದ್ದು ಈ ಉಪಾಯದಿಂದಲೇ.

ನಾವು ಬಳಸುತ್ತಿದ್ದ ಫಾಂಟ್‌ನಲ್ಲಿ ಚಿಕ್ಕ ‘ಡಿ’ ಇರುವ 100ನೇ ಮನೆಯಲ್ಲಿ ‘ಜ’ ಇತ್ತು. ದೊಡ್ಡ ‘ಡಿ’ ಇರುವ 68ನೇ ಮನೆಯಲ್ಲಿ ‘ಆ’. ಯಂತ್ರ ತನ್ನ ಸೂತ್ರದಂತೆ ಸಾಲಿನ ಮೊದಲ ಅಕ್ಷರವನ್ನು ಹಿಡಿಯಿತು; 100ರಲ್ಲಿ 32 ಕಳೆದು 68 ಮಾಡಿತು. ‘ಜಯಮ್ಮ’ ‘ಆಯಮ್ಮ’ ಆದರು. ‘ದ’ ಅಕ್ಷರದ ಮೈ ಚಿಕ್ಕ ‘ಜೆಡ್’ ಮನೆಯಲ್ಲಿ, ‘ಚ’ ಅಕ್ಷರದ ಮೈ ದೊಡ್ಡ ‘ಜೆಡ್’ ಮನೆಯಲ್ಲಿ. ಆದ್ದರಿಂದ ‘ದೇಶ’ ‘ಚೇಶ’ವಾಯಿತು. ಇನ್ನು ‘ಕ’ ಇದ್ದದ್ದು ದೊಡ್ಡ ‘ಪಿ’ ಮನೆಯಲ್ಲಿ, ‘ಗ’ ಇದ್ದದ್ದು ದೊಡ್ಡ ‘ಯು’ ಮನೆಯಲ್ಲಿ. ಆಗಲೇ ದೊಡ್ಡದಾಗಿರುವುದನ್ನು ಮತ್ತೆ ದೊಡ್ಡದು ಮಾಡುವಂತಿಲ್ಲ. ಹಾಗಾಗಿ ‘ಕನ್ನಡ’ವೂ ‘ಗ್ರಾಮ’ವೂ ಪಾರಾದವು. ಎರಡನೆಯ ಸುಳಿವೂ ಬಿಡಿಸಿತು.

ತಪ್ಪು ಯಾರದ್ದು? ಬೆರಳಚ್ಚಿಸಿದ ಯುವಕನದ್ದಂತೂ ಅಲ್ಲ. ತಂತ್ರಾಂಶ ತನ್ನ ಪಾಡಿಗೆ ಇಂಗ್ಲಿಷನ್ನು ಸರಿಯಾಗಿಯೇ ತಿದ್ದಿತ್ತು. ಫಾಂಟ್ ಕೂಡ ತನ್ನ ಕೆಲಸ ಮಾಡಿತ್ತು. ಎರಡು ಒಳ್ಳೆಯ ಏರ್ಪಾಡುಗಳ ನಡುವೆ ಒಬ್ಬರ ಹೆಸರು ಸಿಕ್ಕಿಕೊಂಡಿತ್ತು. ಪ್ರಸಾರಕ್ಕೆ ಮುಂಚೆ ಆ ಪಟ್ಟಿಯನ್ನು ಮತ್ತೊಮ್ಮೆ ಓದಬೇಕಾದವನು ನಾನು, ಓದಿರಲಿಲ್ಲ.

ಇದು ಕನ್ನಡದ ಪಾಡು ಮಾತ್ರವಲ್ಲ

ಟರ್ಕಿ ದೇಶ 1928ರಲ್ಲಿ ಲ್ಯಾಟಿನ್ ಲಿಪಿಯನ್ನು ಒಪ್ಪಿಕೊಂಡಿತು. ಅಲ್ಲಿ ‘ಐ’ ಅಕ್ಷರದಲ್ಲಿ ಎರಡು ಬಗೆ: ಚುಕ್ಕೆ ಇರುವುದು, ಚುಕ್ಕೆ ಇಲ್ಲದ್ದು. ಉಚ್ಚಾರ ಬೇರೆ, ಅರ್ಥ ಬೇರೆ. ಚುಕ್ಕೆ ಇರುವುದನ್ನು ದೊಡ್ಡದು ಮಾಡಿದರೂ ಚುಕ್ಕೆ ಉಳಿಯಬೇಕು; ‘ಇಸ್ತಾಂಬುಲ್’ ಎಂದು ಬರೆಯುವಾಗ ಅವರು ದೊಡ್ಡಕ್ಷರದ ತಲೆಯ ಮೇಲೂ ಚುಕ್ಕೆ ಇಡುತ್ತಾರೆ. ಇಂಗ್ಲಿಷ್ ಸೂತ್ರ ಕಲಿತ ಯಂತ್ರ ಆ ಚುಕ್ಕೆಯನ್ನು ಅಳಿಸಿಬಿಡುತ್ತದೆ. ಡಚ್ ಭಾಷೆಯಲ್ಲಿ ‘ಐ’ ಮತ್ತು ‘ಜೆ’ ಸೇರಿ ಒಂದೇ ಧ್ವನಿ. ಹೆಸರಿನ ಆರಂಭದಲ್ಲಿ ಬಂದರೆ ಎರಡೂ ದೊಡ್ಡಕ್ಷರವಾಗಬೇಕು. ‘ಆರಂಭದಲ್ಲಿ ಎರಡು ದೊಡ್ಡಕ್ಷರ ಬಂದರೆ ಅದು ತಪ್ಪು’ ಎಂದು ಕಲಿತ ಯಂತ್ರ ಎರಡನೆಯದನ್ನು ಚಿಕ್ಕದು ಮಾಡುತ್ತದೆ. ಅಮೆರಿಕದ ಲೇಖಕಿ ಬೆಲ್ ಹುಕ್ಸ್ (1952–2021) ತಮ್ಮ ಕಾವ್ಯನಾಮವನ್ನು ಬೇಕೆಂದೇ ಚಿಕ್ಕಕ್ಷರಗಳಲ್ಲಿ ಬರೆಯುತ್ತಿದ್ದರು. ಯಂತ್ರಕ್ಕೆ ಅದೂ ತಿದ್ದಬೇಕಾದ ತಪ್ಪು.

ವಿಜ್ಞಾನ ಓದುವವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಅಕ್ಷರದ ಗಾತ್ರವೇ ಅರ್ಥ. ಬರ್ಜೀಲಿಯಸ್ 1813ರಲ್ಲಿ ಧಾತುಗಳಿಗೆ ಅಕ್ಷರ ಸಂಕೇತಗಳನ್ನು ಸೂಚಿಸಿದ. ಇಂದಿನ ಬರವಣಿಗೆಯಲ್ಲಿ ದೊಡ್ಡ ‘ಸಿ’, ಚಿಕ್ಕ ‘ಓ’ ಬರೆದರೆ ಕೋಬಾಲ್ಟ್ ಲೋಹ. ಎರಡೂ ದೊಡ್ಡಕ್ಷರವಾದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಇನ್ನು ಮಾನಗಳ ಸಂಗತಿ. ಚಿಕ್ಕ ‘ಎಂ’ ಎರಡು ಬರೆದರೆ ಮಿಲಿಮೀಟರ್. ಮೊದಲನೆಯದು ದೊಡ್ಡದಾದರೆ ಮೆಗಾಮೀಟರ್, ಅಂದರೆ 1,000 ಕಿಲೋಮೀಟರ್. ಕೋಷ್ಟಕದ ಪ್ರತಿ ಮನೆಯ ಮೊದಲಕ್ಷರವನ್ನೂ ದೊಡ್ಡದು ಮಾಡುವ ಸೌಲಭ್ಯ ಕೆಲವು ತಂತ್ರಾಂಶಗಳಲ್ಲಿ ತಾನಾಗಿಯೇ ಚಾಲನೆಯಲ್ಲಿರುತ್ತದೆ. ನಿಮ್ಮ ಪ್ರಯೋಗದ ವರದಿಯಲ್ಲಿ 2 ಮಿಲಿಮೀಟರ್ ದಪ್ಪದ ತಂತಿ 2,000 ಕಿಲೋಮೀಟರ್ ದಪ್ಪವಾಗಲು ಅಷ್ಟೇ ಸಾಕು. ನೇರ ಗೆರೆಯಲ್ಲಿ ಅಳೆದರೆ ಬೆಂಗಳೂರಿನಿಂದ ದೆಹಲಿಗೂ ಅಷ್ಟು ದೂರವಿಲ್ಲ! ಸೆಕೆಂಡಿನ ಚಿಕ್ಕ ‘ಎಸ್’ ದೊಡ್ಡದಾದರೆ ಅದು ಕಾಲದ ಮಾನವಲ್ಲ. ವಿದ್ಯುತ್ ವಾಹಕತೆಯ ಮಾನವಾದ ಸೀಮೆನ್ಸ್. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ‘ಪ್ರಿಂಟ್’ ಆದೇಶದ ಮೊದಲಕ್ಷರವನ್ನು ದೊಡ್ಡದು ಮಾಡಿದರೆ ಕಂಪ್ಯೂಟರ್ ಅದನ್ನು ಗುರುತಿಸುವುದೇ ಇಲ್ಲ.

ಕೇಳದೆ ತಿದ್ದುವ ಇನ್ನೊಂದು ಚಾಳಿ ವಿಜ್ಞಾನಿಗಳನ್ನೇ ಮಣಿಸಿದ್ದುಂಟು. ‘ಮಾರ್ಚ್ 1’, ‘ಸೆಪ್ಟ್ 2’ ಎಂದು ಓದಿಸಿಕೊಳ್ಳುವ ಸಂಕೇತಗಳಿದ್ದ ಮಾನವ ವಂಶವಾಹಿಗಳಿವೆ. ಲೆಕ್ಕದ ಹಾಳೆಯ ತಂತ್ರಾಂಶ ಅವನ್ನು ದಿನಾಂಕಗಳೆಂದು ಭಾವಿಸಿ ಬದಲಿಸುತ್ತಿತ್ತು. ವಂಶವಾಹಿಗಳ ಪಟ್ಟಿಯನ್ನು ಇಂತಹ ಹಾಳೆಗಳಲ್ಲಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳ ಪೈಕಿ ಸುಮಾರು ಐದನೇ ಒಂದು ಭಾಗದಲ್ಲಿ ಈ ತಪ್ಪು ಇದೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರಲ್ಲಿ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಆ ಸಂಕೇತಗಳನ್ನೇ ಬದಲಿಸಿತು. ಯಂತ್ರ ತನ್ನ ಚಾಳಿ ಬಿಡಲಿಲ್ಲ. ಮನುಷ್ಯರು ತಮ್ಮ ಹೆಸರಿಡುವ ಪದ್ಧತಿಯನ್ನು ಬಿಟ್ಟರು.

ಕನ್ನಡಕ್ಕೆ ಸ್ವಂತ ಮನೆ

ಕನ್ನಡದ ಕಥೆಗೆ ಸಮಾಧಾನದ ತಿರುವೂ ಇದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. 3200ರಿಂದ 3327ರವರೆಗಿನ 128 ಮನೆಗಳು ಕನ್ನಡಕ್ಕೆಂದೇ ಮೀಸಲು. ‘ಜ’ ಈಗ ಬಾಡಿಗೆ ಮನೆಯಲ್ಲಿಲ್ಲ. ಅದರ ಸ್ವಂತ ಮನೆ ಸಂಖ್ಯೆ 3228. ಅದಕ್ಕೆ ದೊಡ್ಡಕ್ಷರದ ಜೋಡಿ ಇಲ್ಲವೆಂಬುದು ಯಂತ್ರಕ್ಕೂ ಗೊತ್ತು. 2001ರ ವಿಂಡೋಸ್ ಎಕ್ಸ್‌ಪಿಯ ಹೊತ್ತಿಗೆ ಮನೆಯ ಕಂಪ್ಯೂಟರುಗಳಲ್ಲೂ ಯೂನಿಕೋಡ್ ಕನ್ನಡ ಸಾಧ್ಯವಾಯಿತು. ಆದರೆ ಹಳೆಯ ಫಾಂಟ್‌ಗಳು ಒಮ್ಮೆಲೇ ಮರೆಯಾಗಲಿಲ್ಲ. ನಮ್ಮ ಘಟನೆ ನಡೆದದ್ದು ಅದರ ನಂತರವೇ.

ಅಪಾಯ ಪೂರ್ತಿ ತಪ್ಪಿದೆ ಎಂದುಕೊಳ್ಳಬೇಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಮೂಡಿಸುವ ಪದ್ಧತಿಗಳಿವೆ. 1998ರಲ್ಲಿ ಬಂದ ‘ಬರಹ’ ತಂತ್ರಾಂಶದ ಪದ್ಧತಿಯಲ್ಲಿ ಚಿಕ್ಕ ‘ಎನ್’ ಒತ್ತಿದರೆ ‘ನ’, ದೊಡ್ಡದಾದರೆ ‘ಣ’. ಚಿಕ್ಕ ‘ಎಲ್’ ಒತ್ತಿದರೆ ‘ಲ’, ದೊಡ್ಡದಾದರೆ ‘ಳ’. ಇಲ್ಲಿ ದೊಡ್ಡಕ್ಷರ ಎಂದರೆ ಗೌರವವೂ ಅಲ್ಲ, ವಾಕ್ಯದ ಆರಂಭವೂ ಅಲ್ಲ. ನಾಲಿಗೆ ಹಿಂದಕ್ಕೆ ಮಡಚುವ ಸೂಚನೆ. ಹಾಲು ಹಾಳಾಗಲು ಒಂದು ಕೀಲಿ ಸಾಕು. ಹೀಗೆ ಕನ್ನಡಕ್ಕೆ ಪರಿವರ್ತಿಸಲೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಫೋನು ತಾನಾಗಿ ಮೊದಲಕ್ಷರವನ್ನು ದೊಡ್ಡದು ಮಾಡಿದರೆ ‘ನಾನು’ ಹೋಗಿ ‘ಣಾನು’ ಆಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹಳೆಯ ಕಡತಗಳ ಪ್ರಶ್ನೆ. ಹಿಂದಿನ ಫಾಂಟ್‌ಗಳಲ್ಲಿ ಬರೆದಿಟ್ಟದ್ದನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಅವು 68ನೇ ಮನೆಯಲ್ಲಿರುವುದನ್ನು ನಿಷ್ಠೆಯಿಂದ ‘ಆ’ ಎಂದೇ ಬದಲಿಸುತ್ತವೆ. ಅಲ್ಲಿಗೆ ತಪ್ಪು ಅಚ್ಚುಕಟ್ಟಾದ ಕನ್ನಡವಾಗಿಬಿಡುತ್ತದೆ. ಅಲ್ಲಿ ಮೊದಲು ‘ಜ’ ಇತ್ತೆಂದು ಹೇಳುವ ಯಾವ ಕುರುಹೂ ಉಳಿಯುವುದಿಲ್ಲ. ಮುಂದೆ ಇತಿಹಾಸ ಬರೆಯುವವರು ಆ ಹೆಸರನ್ನೇ ನಂಬುತ್ತಾರೆ. ಶಾಸನ ಕೆತ್ತುವವನ ಉಳಿ ಜಾರಿದರೆ ಕಲ್ಲಿನಲ್ಲಿ ಕಲೆಯಾದರೂ ಉಳಿಯುತ್ತಿತ್ತು. ಇಲ್ಲಿ ಅದೂ ಇಲ್ಲ.

ನೀವು ಮಾಡಬಹುದಾದದ್ದು

ಮೊದಲಿಗೆ, ನೀವು ಬಳಸುವ ತಂತ್ರಾಂಶದಲ್ಲಿ ‘ಆಟೋ ಕರೆಕ್ಟ್’ ಆಯ್ಕೆಗಳು ಎಲ್ಲಿವೆಯೆಂದು ಹುಡುಕಿ, ಒಂದೊಂದನ್ನೂ ಓದಿ. ಬೇಕಾದ್ದನ್ನು ಇಟ್ಟುಕೊಳ್ಳಿ, ಬೇಡದ್ದನ್ನು ನಿಲ್ಲಿಸಿ. ಯಂತ್ರ ತಿದ್ದಿದ್ದು ಕಂಡ ಕೂಡಲೇ ‘ಅನ್‌ಡೂ’ ಆದೇಶ ಕೊಟ್ಟರೆ ಸಾಮಾನ್ಯವಾಗಿ ನಿಮ್ಮ ಅಕ್ಷರ ಮರಳಿ ಬರುತ್ತದೆ. ಪ್ರೋಗ್ರಾಂಗಳನ್ನು ಪತ್ರ ಬರೆಯುವ ತಂತ್ರಾಂಶದಲ್ಲಿ ಬರೆಯಬೇಡಿ. ಅದಕ್ಕೆಂದೇ ಬೇರೆ ಸಂಪಾದಕ ತಂತ್ರಾಂಶಗಳಿವೆ. ಬರೆದು ಮುಗಿಸಿದ ಮೇಲೆ ಪ್ರತಿ ಸಾಲಿನ ಮೊದಲ ಪದವನ್ನೂ, ಕೋಷ್ಟಕದ ಮಾನಗಳನ್ನೂ, ಎಲ್ಲಕ್ಕಿಂತ ಮುಖ್ಯವಾಗಿ ಜನರ ಹೆಸರುಗಳನ್ನೂ ಬೆರಳಿಟ್ಟು ಓದಿ. ಮತ್ತು ಬರೆದವರನ್ನು ಗದರುವ ಮೊದಲು, ನಿಮ್ಮ ಮುಂದೆ ಇನ್ನೊಮ್ಮೆ ಬರೆಯಲು ಹೇಳಿ.

ಮರುದಿನ ನಾನು ಎಲ್ಲರ ಎದುರಿಗೇ ಆ ಯುವಕನ ಕ್ಷಮೆ ಕೇಳಿದೆ. ಗದರಿದ್ದು ಎಲ್ಲರ ಎದುರಿಗಲ್ಲವೇ? ಮರುಪ್ರಸಾರಕ್ಕೆ ಹೆಸರನ್ನು ಸರಿಪಡಿಸಿದೆವು. ಜಯಮ್ಮನವರಿಗೂ ಫೋನು ಮಾಡಿದೆ. ಯಂತ್ರ, ಫಾಂಟ್, ಮೂವತ್ತೆರಡು ಎಂದೆಲ್ಲ ವಿವರಿಸಲು ಹೊರಟಿದ್ದೆ. ಅವರು ನಡುವೆಯೇ ತಡೆದರು.

“ಇರ್ಲಿ ಬಿಡಪ್ಪ, ಅದಕ್ಯಾಕೆ ಬೇಜಾರು? ಊರಲ್ಲಿ ಎಲ್ಲಾರೂ ನನ್ನ ಹಂಗೇ ಕರೆಯೋದು. ಟೀವೀಲಾದ್ರೂ ಹೆಸರು ಬರುತ್ತೆ ಅಂದ್ಕೊಂಡಿದ್ದೆ, ಅಷ್ಟೇ.”

ಮರುಪ್ರಸಾರದ ಪ್ರತಿಯಲ್ಲಿ ಅವರ ಹೆಸರು ಸರಿಯಾಗಿದೆ. ಮೊದಲ ಸಂಜೆ ಪ್ರಸಾರವಾದ ಟೇಪಿನಲ್ಲಿ ಮಾತ್ರ ಅವರು ಇಂದಿಗೂ ‘ಆಯಮ್ಮ’ನೇ. ಅದರ ಪೆಟ್ಟಿಗೆಯ ಮೇಲೆ ನಾನೇ ಪೆನ್ನು ಹಿಡಿದು, ಸ್ವಂತ ಕೈಬರಹದಲ್ಲಿ, ಅವರ ಪೂರ್ಣ ಹೆಸರನ್ನು ಬರೆದಿಟ್ಟಿದ್ದೇನೆ.